ಸತ್ತ ಮೇಲೂ ಒದೆಯುತ್ತಿದ್ದ ಬ್ರೂಸ್ ಲೀ

1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಾಗ ಬ್ರೂಸ್ ಲೀಗೆ 32 ವರ್ಷ. ನಾಯಕನಾಗಿ ಆತ ಮುಗಿಸಿಕೊಟ್ಟಿದ್ದ ಕುಂಗ್‌ಫೂ ಚಿತ್ರಗಳು ನಾಲ್ಕೇ: ‘ದಿ ಬಿಗ್ ಬಾಸ್’, ‘ಫಿಸ್ಟ್ ಆಫ್ ಫ್ಯೂರಿ’, ‘ದಿ ವೇ ಆಫ್ ದ ಡ್ರಾಗನ್’, ‘ಎಂಟರ್ ದ ಡ್ರಾಗನ್’. ಕೊನೆಯದು ಅಮೆರಿಕದಲ್ಲಿ ತೆರೆಗೆ ಬಂದದ್ದು ಆತ ಸತ್ತ ಮರುತಿಂಗಳು. ಜಗತ್ತಿನ ತುಂಬ ಕುಂಗ್‌ಫೂ ಹುಚ್ಚು ಹತ್ತಿದ ಹೊತ್ತಿಗೆ ಸರಿಯಾಗಿ ಹುಚ್ಚು ಹತ್ತಿಸಿದವನೇ ಇಲ್ಲವಾದ. ಹಂಚಿಕೆದಾರರು ಚಿತ್ರ ಕೇಳುತ್ತಲೇ ಇದ್ದರು. ಹಾಂಗ್‌ಕಾಂಗ್, ತೈವಾನ್, ದಕ್ಷಿಣ ಕೊರಿಯಾದ ಸಣ್ಣ ನಿರ್ಮಾಪಕರು ಅವನಂತೆ ಕಾಣುವವರನ್ನು ಹುಡುಕಿ ತಂದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಹತ್ತು ವರ್ಷದ ಆಸುಪಾಸು ನಡೆದ ಈ ದಂಧೆಗೆ ‘ಬ್ರೂಸ್‌ಪ್ಲಾಯ್ಟೇಶನ್’ ಎಂಬ ಹೆಸರು ಅಂಟಿಕೊಂಡಿದೆ.

ದಂಧೆಯ ಮೂಲ ಬಂಡವಾಳ ಹೆಸರು. ತೈವಾನಿನ ಹೋ ಚುಂಗ್-ತಾವ್ ‘ಬ್ರೂಸ್ ಲಿ’ ಆದ. ಬರ್ಮಾದಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೊದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಹುವಾಂಗ್ ಜಿಯಾನ್‌ಲಾಂಗ್ ‘ಬ್ರೂಸ್ ಲೆ’ ಆದ. ಕೊರಿಯಾದ ಮೂನ್ ಕ್ಯುಂಗ್-ಸೋಕ್ ‘ಡ್ರಾಗನ್ ಲೀ’. ಇವರಲ್ಲದೆ ಬ್ರೂಸ್ ಲೈ, ಬ್ರೂಸ್ ಥಾಯ್, ಬ್ರೂಸ್ ಲಿಯುಂಗ್ ಎಂಬವರೂ ಇದ್ದರು. ಪೋಸ್ಟರ್ ಮೇಲೆ ಲೀ, ಲಿ, ಲೆಗಳ ನಡುವಿನ ವ್ಯತ್ಯಾಸ ದೂರದಿಂದ ಓದುವವನಿಗೆ ತಿಳಿಯುವಂತಿರಲಿಲ್ಲ. ತಿಳಿಯಬಾರದೆಂದೇ ಹಾಗೆ ಬರೆಸುತ್ತಿದ್ದರು. ಎಷ್ಟೋ ವೇಳೆ ಪೋಸ್ಟರಿನಲ್ಲಿ ಅಸಲಿ ಲೀಯ ಚಿತ್ರವೇ ಇರುತ್ತಿತ್ತು. ಲೀಗೆ ಸಂಬಂಧವೇ ಇಲ್ಲದ ಹಳೆಯ ಚಿತ್ರಗಳಿಗೂ ಹೊಸ ಹೆಸರಿಟ್ಟು, ಇಂಗ್ಲಿಷ್ ಡಬ್ಬಿಂಗ್ ಮಾಡಿಸಿ ಬಿಟ್ಟದ್ದುಂಟು.

ವೇಷದ ಸಾಮಗ್ರಿ ಹೆಚ್ಚೇನಿಲ್ಲ. ಕಪ್ಪು ಪಟ್ಟೆಯ ಹಳದಿ ಟ್ರ್ಯಾಕ್‌ಸೂಟ್, ಕೂಲಿಂಗ್ ಗ್ಲಾಸ್, ಸರಪಳಿ ಬಿಗಿದ ಎರಡು ಕೋಲಿನ ನಂಚಾಕು. ಹೊಡೆಯುವ ಮುನ್ನ ಹೆಬ್ಬೆರಳಿನಿಂದ ಮೂಗು ಒರೆಸಿಕೊಳ್ಳುವುದು, ಹೊಡೆಯುವಾಗ ಹಕ್ಕಿಯಂತೆ ಕಿರುಚುವುದು. ಕಥೆ ಮಾತ್ರ ಎಲ್ಲೆಲ್ಲಿಗೋ ಹೋಗುತ್ತಿತ್ತು. 1976ರ ‘ಬ್ರೂಸ್ ಲೀ ಫೈಟ್ಸ್ ಬ್ಯಾಕ್ ಫ್ರಮ್ ದ ಗ್ರೇವ್’ ಶುರುವಾಗುವುದು ಸಮಾಧಿಗೆ ಸಿಡಿಲು ಬಡಿದು ಲೀ ಎದ್ದು ಹಾರುವ ದೃಶ್ಯದಿಂದ. ಅಲ್ಲಿಂದ ಮುಂದಿನ ಕಥೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. 1977ರ ‘ದ ಡ್ರಾಗನ್ ಲಿವ್ಸ್ ಅಗೇನ್’ನಲ್ಲಿ ಲೀ ಯಮಲೋಕಕ್ಕೇ ಹೋಗುತ್ತಾನೆ. ಅಲ್ಲಿ ಡ್ರಾಕುಲಾ, ಜೇಮ್ಸ್ ಬಾಂಡ್ ಅವನ ಶತ್ರುಗಳು, ಕಾರ್ಟೂನಿನ ಪಾಪಾಯ್ ಗೆಳೆಯ! 1980ರ ‘ದ ಕ್ಲೋನ್ಸ್ ಆಫ್ ಬ್ರೂಸ್ ಲೀ’ಯಲ್ಲಿ ವಿಜ್ಞಾನಿಯೊಬ್ಬ ಸತ್ತ ಲೀಯ ಜೀವಕೋಶ ತೆಗೆದು ಮೂವರು ತದ್ರೂಪಿಗಳನ್ನು ತಯಾರಿಸುತ್ತಾನೆ. ಅವರಲ್ಲೊಬ್ಬನಿಗೆ ಕೊಟ್ಟ ಕೆಲಸ, ನಟನ ವೇಷದಲ್ಲಿ ಸೇರಿಕೊಂಡು ಚಿನ್ನದ ಕಳ್ಳಸಾಗಣೆ ಮಾಡುವ ಸಿನಿಮಾ ನಿರ್ಮಾಪಕನನ್ನು ಹಿಡಿಯುವುದು. ಇಂಥ ಚಿತ್ರ ತೆಗೆಯುವವರ ಮೇಲೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ಯಾವ ವಿಮರ್ಶಕನೂ ಬರೆದಿರಲಾರ.

ದೊಡ್ಡ ಸಂಸ್ಥೆಗಳೂ ಈ ವಿಷಯದಲ್ಲಿ ಸಾಚಾ ಆಗಿರಲಿಲ್ಲ. ಲೀ ‘ಗೇಮ್ ಆಫ್ ಡೆತ್’ ಚಿತ್ರವನ್ನು 1972ರಲ್ಲಿ ಆರಂಭಿಸಿ, ಅರ್ಧಕ್ಕೇ ನಿಲ್ಲಿಸಿದ್ದ. ಆತನ ಚಿತ್ರಗಳನ್ನು ತೆಗೆದಿದ್ದ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಯೇ ಅದಕ್ಕೆ ಬೇರೆ ಕಥೆ ಹೆಣೆದು 1978ರಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಲೀ ತಾನೇ ಯೋಜಿಸಿ ತೆಗೆದಿದ್ದ ಹೊಡೆದಾಟದ ಭಾಗ ಸುಮಾರು 11 ನಿಮಿಷ. ಮಿಕ್ಕಲ್ಲೆಲ್ಲ ಕೊರಿಯಾದ ಕಿಮ್ ತಾಯ್-ಚುಂಗ್ ಮುಂತಾದ ಡ್ಯೂಪ್‌ಗಳು. ಒಂದು ದೃಶ್ಯದಲ್ಲಿ ಕನ್ನಡಿಯ ಮೇಲೆ ಲೀಯ ಮುಖದ ಚಿತ್ರ ಅಂಟಿಸಿ, ಅದರ ಎದುರು ಡ್ಯೂಪನ್ನು ಕೂರಿಸಿದ್ದಾರೆ. ಅಂಚು ಎದ್ದು ಕಾಣುತ್ತದೆ. ಕಥಾನಾಯಕ ಸತ್ತಂತೆ ನಟಿಸುವ ಕಡೆ ಲೀಯ ನಿಜವಾದ ಶವಯಾತ್ರೆಯ ಚಿತ್ರಣವನ್ನೇ ಹಾಕಿದರು. ಬಡ ನಿರ್ಮಾಪಕರ ಸಿಡಿಲು, ಯಮಲೋಕವನ್ನು ನೋಡಿ ನಗಬಹುದು. ಇದನ್ನು ನೋಡಿ ನಗು ಬರುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ‘ಜೇಮ್ಸ್’ ನೆನಪಾಗದಿರದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಈ ಚಿತ್ರಕ್ಕೆ ಅವರ ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಅಣ್ಣ ಶಿವರಾಜ್‌ಕುಮಾರ್ ಅವರ ದನಿಯಲ್ಲಿ ಅದು ತೆರೆಗೆ ಬಂತು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿ ಕೂಡಿಸಿ ಮತ್ತೆ ಬಿಡುಗಡೆ ಮಾಡಿದರು. ದನಿ ಯಾರದೆಂದು ಪ್ರೇಕ್ಷಕರಿಗೆ ಮೊದಲೇ ತಿಳಿದಿತ್ತು.

ಬ್ರೂಸ್ ಲೀಯ ನಕಲುಗಳು ಮೂಲೆ ಸೇರಲು ಮುಖ್ಯ ಕಾರಣ ಜಾಕಿ ಚಾನ್. 1976ರ ‘ನ್ಯೂ ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಅವನನ್ನೂ ಹೊಸ ಬ್ರೂಸ್ ಲೀ ಮಾಡಲು ನೋಡಿ ಸೋತಿದ್ದರು. 1978ರ ‘ಡ್ರಂಕನ್ ಮಾಸ್ಟರ್’ನಲ್ಲಿ ಆತ ಏಟು ತಿಂದು ಒದ್ದಾಡುವ, ನಗಿಸುವ ನಾಯಕನಾದ. ಜನ ಅತ್ತ ವಾಲಿದರು. ನಕಲಿಗಳೆಂದು ಹೀಗಳೆಸಿಕೊಂಡವರಲ್ಲಿ ಹಲವರು ನಿಜಕ್ಕೂ ಪಳಗಿದ ಪಟುಗಳು. ಬ್ರೂಸ್ ಲಿಯುಂಗ್ 2004ರ ‘ಕುಂಗ್‌ಫೂ ಹಸಲ್’ನಲ್ಲಿ ಚಪ್ಪಲಿ ಮೆಟ್ಟಿದ ಬೋಳುತಲೆಯ ಖಳನಾಗಿ ಬಂದು ಅದನ್ನು ತೋರಿಸಿಕೊಟ್ಟ. ಹೋ ಚುಂಗ್-ತಾವ್ ಚಿತ್ರರಂಗ ಬಿಟ್ಟು ದೈಹಿಕ ಶಿಕ್ಷಣ ಕಲಿಸಲು ಹೋದ.

ಕನ್ನಡದಲ್ಲಿ ಬ್ರೂಸ್ ಲೀ ನಕಲಿನ ಉದ್ಯಮ ಬೆಳೆಯಲಿಲ್ಲ. ಕರಾಟೆಯ ಹುಚ್ಚು ಇಲ್ಲಿಗೂ ಬಂತು. ಆದರೆ ‘ಕರಾಟೆ ಕಿಂಗ್’ ಪಟ್ಟವನ್ನು ಅಭಿಮಾನಿಗಳು ಶಂಕರ್‌ನಾಗ್‌ಗೆ, ಅವರ ಸ್ವಂತ ಹೆಸರಿನ ಜೊತೆಗೇ ಕೊಟ್ಟರು. ತದ್ರೂಪಿಗಳ ಸಿನಿಮಾಕ್ಕೆ ನಮ್ಮ ಸೀಮೆಯ ನಂಟು ಬರುವುದು ಹಿಂದಿಯ ಮೂಲಕ. 1973ರಲ್ಲಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ‘ಶೋಲೆ’ಗಾಗಿ ರಾಮ್‌ಗಢ ಎಂಬ ಊರನ್ನೇ ಕಟ್ಟಿದ್ದರು. ಆ ಊರಿನ ಹೆಸರು ಬಳಸಿಕೊಂಡ ‘ರಾಮ್‌ಗಢ್ ಕೇ ಶೋಲೆ’ 1991ರಲ್ಲಿ ಬಂತು. ಅದರಲ್ಲಿ ಕಿಶೋರ್ ಭಾನುಶಾಲಿ ದೇವಾನಂದರಂತೆಯೂ ವಿಜಯ್ ಸಕ್ಸೇನಾ ಅಮಿತಾಭರಂತೆಯೂ ಕಾಣಿಸಿಕೊಂಡರು. ಗಬ್ಬರ್ ಮಾತ್ರ ಅಸಲಿ ಅಮ್ಜದ್ ಖಾನ್.

ಅದೇ ಬೆಟ್ಟದ ಆಸುಪಾಸಿನಲ್ಲಿ, ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಂಥ ಊರುಗಳಿಂದ ಹಿಡಿದು ಮಾಗಡಿ, ಕನಕಪುರದವರೆಗೆ, ನಕಲು ಕಲೆ ಬಾಳುತ್ತಿರುವುದು ರಸಮಂಜರಿ ವೇದಿಕೆಯ ಮೇಲೆ. ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬರುತ್ತಾರೆ. ಖಾಕಿ ಅಂಗಿಯ ಜೂನಿಯರ್ ಶಂಕರ್‌ನಾಗ್ ಬಂದರೆ ಆಟೊ ಹುಡುಗರ ಶಿಳ್ಳೆ ನಿಲ್ಲುವುದಿಲ್ಲ. ಬಂದವರು ಅಸಲಿಯಲ್ಲವೆಂದು ಬ್ಯಾನರಿನಲ್ಲೇ ಬರೆದಿರುತ್ತದೆ. ಬ್ರೂಸ್ ಲೀ ಹೆಸರಿನಲ್ಲಿ ದುಡ್ಡು ಮಾಡಿದ ನಿರ್ಮಾಪಕರು ಇಷ್ಟು ಮಾಡಿದ್ದರೂ ಸಾಕಿತ್ತು.