ವಸಡಿನ ರಕ್ತ ಮತ್ತು ವಿಟಮಿನ್ ಸಿ

ಪ್ರಶ್ನೆ: ವಿಟಮಿನ್ ಸಿ ಕಡಿಮೆಯಾದರೆ ವಸಡಿನಿಂದ ರಕ್ತ ಬರುತ್ತದಂತೆ. ವಿಟಮಿನ್‌ಗೂ ರಕ್ತನಾಳಕ್ಕೂ ಏನು ಸಂಬಂಧ?

ಉತ್ತರ: ನಮ್ಮ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ಅದನ್ನು ಹೊರಗಿನಿಂದ ಹಿಡಿದಿಡುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆ ಸೇರಿಸಿ ಹೊಸೆದ ಹಗ್ಗದಂತೆ ಇದರ ರಚನೆ. ಈ ಹೊಸೆತ ಬಿಗಿಯಾಗಿ ನಿಲ್ಲಬೇಕಾದರೆ ಎಳೆಗಳಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕ ಸೇರಬೇಕು. ಆ ಕೆಲಸ ಮಾಡುವ ಕಿಣ್ವದೊಳಗೆ ಕಬ್ಬಿಣದ ಒಂದು ಪರಮಾಣುವಿದೆ; ಅದು ಕೆಲಸಕ್ಕೆ ಬಾರದಂತಾಗದೆ ಇರಲು ವಿಟಮಿನ್ ಸಿ ಬೇಕೇ ಬೇಕು. ಇಲ್ಲದಿದ್ದರೆ ಕೊಲಾಜೆನ್ ಸಡಿಲವಾಗಿ, ಗೋಡೆ ಸಣ್ಣ ಒತ್ತಡಕ್ಕೂ ಸೋರುತ್ತದೆ.

1939ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಕ್ರಾಂಡನ್ ಎಂಬ ಯುವ ಶಸ್ತ್ರವೈದ್ಯ ಹಣ್ಣು ತರಕಾರಿಗಳನ್ನೆಲ್ಲ ಬಿಟ್ಟು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. (ಯಾರೂ ಅನುಕರಿಸಬೇಡಿ!) ಐದು ತಿಂಗಳು ದಾಟಿದ ಮೇಲೆ ಅವನ ಕಾಲಿನ ಕೂದಲ ಬುಡದಲ್ಲಿ ಕೆಂಪು ಚುಕ್ಕಿಗಳು ಎದ್ದವು. ಅವೆಲ್ಲ ಲೋಮನಾಳಗಳಿಂದ ಸೋರಿದ ರಕ್ತ. ಮೂರನೇ ತಿಂಗಳಲ್ಲಿ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಸರಾಗವಾಗಿ ಮಾಗಿತ್ತು. ಆರನೇ ತಿಂಗಳ ಗಾಯ ಮಾಗಲಿಲ್ಲ. ವಿಟಮಿನ್ ಸಿ ಚುಚ್ಚುಮದ್ದು ಕೊಟ್ಟ ಮೇಲೆ ಕೂಡಿಕೊಂಡಿತು.

ದಿನಕ್ಕೊಂದು ಸೀಬೆಹಣ್ಣು ತಿನ್ನುವವರಿಗೆ ಈ ಕೊರತೆಯ ಭಯವಿಲ್ಲ. ಇನ್ನು ಹಲ್ಲುಜ್ಜುವಾಗ ಕಾಣುವ ರಕ್ತಕ್ಕೆ ಬಹುಪಾಲು ಕಾರಣ ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಪಾಚಿ. ಮಾತ್ರೆ ನುಂಗುವ ಮೊದಲು ದಂತವೈದ್ಯರಿಗೆ ತೋರಿಸಿ.