ಬಗಲು ಸರಿಯಾದರೆ ಕವಚ ಸರಿ

ಗಂಡು ಕಾಡುಹಂದಿ ಬಾಯಾಡಿಸಿದಾಗಲೆಲ್ಲ ಕೆಳಗಿನ ಕೋರೆ ಮೇಲಿನದಕ್ಕೆ ಉಜ್ಜಿ, ತನಗೆ ತಾನೇ ಸಾಣೆ ಹಿಡಿದುಕೊಳ್ಳುತ್ತದೆ. ಜರ್ಮನಿಯ ಬೇಟೆಗಾರರು ಕೆಳಗೋರೆಗೆ ಇಟ್ಟಿರುವ ಹೆಸರು ಗೆವೇರ್, ಅಂದರೆ ಬಂದೂಕು. ಅದರ ಮೂರರಲ್ಲಿ ಎರಡು ಪಾಲು ದವಡೆಯೊಳಗೆ ಹೂತಿರುತ್ತದೆ. ಹೊರಗೆ ಚಾಚಿದ ಒಂದು ಪಾಲೇ ಬೇಟೆನಾಯಿಯ ಜೀವ ತೆಗೆಯಲು ಸಾಕು. ಹಂದಿ ತಲೆ ತಗ್ಗಿಸಿ ನುಗ್ಗಿ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಹಾಗಾಗಿ ಗಾಯವಾಗುವುದು ಹೆಚ್ಚಾಗಿ ಎದೆ, ಪಕ್ಕೆ, ಹೊಟ್ಟೆ, ತೊಡೆಸಂದಿಯಲ್ಲಿ. ಬೆನ್ನ ಮೇಲೆ ದಪ್ಪ ಪದರ ಹೊದಿಸಿ ಹೊಟ್ಟೆಯನ್ನು ಬರಿದಾಗಿ ಬಿಟ್ಟ ಕವಚ ನೋಡಲು ಗಟ್ಟಿ, ಕೆಲಸಕ್ಕೆ ಬಾರದು.

ಬೇಟೆ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಒಡೆಯನ ಒಂದು ಮಾತಿಗೆ ಮುಳ್ಳುಪೊದೆಗೆ ನುಗ್ಗುವ ಯಾಗ್ಡ್‌ಟೆರಿಯರ್ ಎಂಬ ಜರ್ಮನ್ ಬೇಟೆನಾಯಿಯ ಮೈ ಕಾಯುವ ಹೊಣೆ ಮಾತ್ರ ಒಡೆಯನದೇ. ಜರ್ಮನ್ ನಾಡಿನ ಅರಸರೂ ಇದನ್ನು ಬಲ್ಲವರಾಗಿದ್ದರು. ಹಂದಿಬೇಟೆಯ ದೊಡ್ಡ ನಾಯಿಗಳಿಗೆ ಒತ್ತಾಗಿ ತುಂಬಿ ಹೊಲಿದ ದಪ್ಪ ಅಂಗಿ ತೊಡಿಸುತ್ತಿದ್ದರು. ಇಂದು ಆ ಜಾಗಕ್ಕೆ ಕೆವ್ಲಾರ್ ಬಂದಿದೆ. ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೋಲೆಕ್ 1965ರಲ್ಲಿ ಕಂಡುಕೊಂಡ ನಾರು ಅದು. ಸೀಳುವ ಅಲಗನ್ನು ಈ ನೇಯ್ಗೆ ಚೆನ್ನಾಗಿ ತಡೆಯುತ್ತದೆ, ಆದರೆ ಚುಚ್ಚುವ ಮೊನೆ ಎಳೆಗಳನ್ನು ಸರಿಸಿ ಒಳನುಗ್ಗಬಲ್ಲದು. ಅದಕ್ಕೇ ನೇಯ್ಗೆ ಒತ್ತಾಗಿರಬೇಕು, ಪದರಗಳು ಹಲವಿರಬೇಕು.

ಬಟ್ಟೆ ಎಷ್ಟೇ ಒಳ್ಳೆಯದಾಗಲಿ, ಕವಚ ಕೆಡುವುದು ಬಗಲಿನಲ್ಲಿ. ನಾಯಿಯ ಹೆಗಲಿನ ಮೇಲೆ ಅಂಗೈ ಇಟ್ಟು, ಮುಂಗಾಲನ್ನು ಮೆಲ್ಲಗೆ ಮುಂದಕ್ಕೆ ಎತ್ತಿ ನೋಡಿ. ಚರ್ಮದಡಿ ಹೆಗಲ ಹಲಗೆ ಪಕ್ಕೆಯ ಮೇಲೆ ಜಾರುವುದು ಕೈಗೆ ತಿಳಿಯುತ್ತದೆ. ನಮಗಿರುವಂಥ ಕೊರಳೆಲುಬಿನ ಜೋಡಣೆ ನಾಯಿಗಿಲ್ಲ. ಮುಂಗಾಲು ಮುಂಡಕ್ಕೆ ಅಂಟಿರುವುದು ಸ್ನಾಯುಗಳಿಂದಲೇ. ಆ ಹಲಗೆಗೆ ಅಡ್ಡವಾಗಿ ಬಿಗಿಪಟ್ಟಿ ಹಾದರೆ ಹೆಜ್ಜೆ ಚಿಕ್ಕದಾಗುತ್ತದೆ, ಹಂದಿ ತಿರುಗಿಬಿದ್ದಾಗ ನಾಯಿ ಪಕ್ಕಕ್ಕೆ ಹಾರುವುದು ತಡವಾಗುತ್ತದೆ. ನಾಯಿಯನ್ನು ನಿಜವಾಗಿ ಕಾಯುವುದು ಆ ಹಾರುವಿಕೆ. ಅದನ್ನು ಕಸಿದುಕೊಳ್ಳುವ ದಪ್ಪ ಕವಚಕ್ಕಿಂತ ತುಸು ತೆಳುವಾಗಿ, ಮೈಗೆ ಹೊಂದಿದ್ದೇ ಮೇಲೆಂದು ನಾನು ನಂಬುತ್ತೇನೆ.

ಅಳತೆ ತೆಗೆಯುವಾಗ ನಾಯಿ ನಾಲ್ಕೂ ಕಾಲೂರಿ ನಿಂತಿರಬೇಕು: ಕೊರಳಿನ ಸುತ್ತಳತೆ, ಮೊಣಕೈ ಹಿಂದೆ ಎದೆ ಅತಿ ಆಳವಾಗಿರುವಲ್ಲಿ ಸುತ್ತಳತೆ, ಹೆಗಲ ಉಬ್ಬಿನಿಂದ ಬಾಲದ ಬುಡದವರೆಗೆ ಉದ್ದ. ಟೇಪು ಇಷ್ಟನ್ನೇ ಹೇಳುತ್ತದೆ. ಓಟದಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಮತ್ತೆ ನೀಳವಾಗುವುದನ್ನು ಅದು ಹೇಳದು. ಪಕ್ಕೆಯ ಹಿಂದೆ ಹಿಗ್ಗುವ ಬಟ್ಟೆ ಸೇರಿಸುವುದು ಅದಕ್ಕಾಗಿಯೇ. ಪಟ್ಟಿಯಡಿ ಎರಡು ಬೆರಳು ಸರಾಗ ಹೋಗಬೇಕು. ಅದಕ್ಕಿಂತ ಸಡಿಲವಾದರೆ ಕೊಂಬೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಾಲೇ ಕುತ್ತಿಗೆಯ ಬಾಯಿಗೆ ತೂರಿ ಸಿಕ್ಕಿಬೀಳುತ್ತದೆ. ಗಂಡುನಾಯಿಯಾದರೆ ಮೂತ್ರ ಮಾಡುವ ಜಾಗ ಬಿಟ್ಟು ಹೊಟ್ಟೆಯ ತುಂಡು ಕತ್ತರಿಸಬೇಕು. ಎಷ್ಟೋ ಕವಚಗಳು ಇಲ್ಲೇ ತಪ್ಪುತ್ತವೆ.

ಇನ್ನು ಬಿಸಿ. ನಾಯಿಗೆ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ ಎನ್ನಬಹುದು. ಮೈ ತಣಿಯುವುದು ಮುಖ್ಯವಾಗಿ ಏದುಸಿರಿನಿಂದ. ಎದೆ ಹಿಗ್ಗಲು, ಕೊರಳು ಚಾಚಲು ತಡೆಯಿದ್ದರೆ ಚಳಿಗಾಲದಲ್ಲೂ ನಾಯಿ ಕಾವೇರಿ ಕುಸಿಯಬಹುದು. ನೀರು ಕುಡಿದು ಭಾರವಾಗುವ ಬಟ್ಟೆಯೂ ಬೇಡ.

ಹೊರಪದರ ಕಿತ್ತಳೆ ಬಣ್ಣದ್ದಿರಲಿ. ನಾಯಿಗಾಗಲಿ ಹಂದಿಗಾಗಲಿ ಆ ಬಣ್ಣ ನಮಗೆ ಕಾಣುವಂತೆ ಕಾಣದು, ಆದರೆ ಬಂದೂಕು ಹಿಡಿದವನ ಕಣ್ಣಿಗೆ ಹೊಡೆಯುತ್ತದೆ. ಮುಚ್ಚಲು ವೆಲ್ಕ್ರೋಗಿಂತ ಬಕಲೇ ವಾಸಿ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ 1941ರಲ್ಲಿ ಬೇಟೆಯಿಂದ ಮರಳಿದಾಗ ನಾಯಿಯ ಕೂದಲಿಗೆ ಕಚ್ಚಿಕೊಂಡಿದ್ದ ಮುಳ್ಳುಕಾಯಿ ನೋಡಿಯೇ ವೆಲ್ಕ್ರೋ ಹುಟ್ಟಿದ್ದು. ಕಾಡಿನಲ್ಲಿ ಅದೇ ಕೂದಲು, ಅದೇ ಮುಳ್ಳುಕಾಯಿ ಹೊಕ್ಕು ವೆಲ್ಕ್ರೋದ ಹಿಡಿತ ಸಡಿಲವಾಗುತ್ತದೆ.

ಹೊಲಿದಾದ ಮೇಲೆ ಬೇಟೆಗೆ ಮೊದಲು ಅರ್ಧ ಗಂಟೆ ಬಯಲಲ್ಲಿ ಓಡಿಸಿ. ಜೀಪಿಗೆ ಹತ್ತಿಸಿ, ಇಳಿಸಿ, ಸುರುಳಿ ಸುತ್ತಿ ಮಲಗಲು ಬಿಡಿ. ಆಮೇಲೆ ಕವಚ ಬಿಚ್ಚಿ ಮುಂಗಾಲಿನ ಸಂದಿಯ ಕೂದಲನ್ನು ಬೆರಳಿಂದ ಬಿಡಿಸಿ ನೋಡಿ. ಕೂದಲು ಸವೆದು ಚರ್ಮ ಕೆಂಪಾಗಿದ್ದರೆ ಬಟ್ಟೆಯ ಅದೇ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿ, ಬಗಲನ್ನು ಮತ್ತೆ ಕತ್ತರಿಸಿ.