ಎದೆಯ ತಾಳ ತಪ್ಪಿದರೆ ಕೊರಳನ್ನೂ ನೋಡಿ

‘ಎದಿ ಡವಡವ ಅಂತದ್ರೀ, ಕೈ ನಡಗತಾವ’ ಎಂದು ಗಲಗಲಿ ಕಡೆಯವರು ಬೀಳಗಿಯ ಇಲ್ಲವೇ ಜಮಖಂಡಿಯ ಆಸ್ಪತ್ರೆಗೆ ಬಂದರೆ ಮೊದಲು ಇಸಿಜಿ ತೆಗೆಯುತ್ತಾರೆ. ತೆಗೆಯಲೇಬೇಕು. ಹೃದಯದ ಮೇಲಿನ ಕೋಣೆಗಳು ರಕ್ತವನ್ನು ಸರಿಯಾಗಿ ತಳ್ಳದೆ ಅಡ್ಡಾದಿಡ್ಡಿ ಅದುರುತ್ತಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹರಿದರೆ ಲಕ್ವ ಹೊಡೆಯುತ್ತದೆ. ಚಿಕ್ಕಂದಿನಲ್ಲಿ ಬಂದುಹೋದ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ, ಬಿಪಿ, ವಯಸ್ಸು ಇದರ ಪರಿಚಿತ ಕಾರಣಗಳು. ಕವಾಟ ನೆಟ್ಟಗಿದ್ದೂ ತಾಳ ತಪ್ಪಿದ್ದರೆ ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ವಿಚಾರಿಸಬೇಕು.

ಈ ನಂಟು ಹೊಸದೇನಲ್ಲ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲೇ ಕೊರಳು ಊದಿ ಎದೆ ಜೋರಾಗಿ ಬಡಿದುಕೊಳ್ಳುತ್ತಿದ್ದ ಹೆಂಗಸರ ಬಗ್ಗೆ ಬರೆದಿದ್ದ. 1991ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಓಡುತ್ತಿದ್ದಾಗ ಉಸಿರು ಸಿಕ್ಕಿಕೊಂಡಿತು. ಹೃದಯದ ಬಡಿತ ತಪ್ಪಿತ್ತು, ಮೂಲ ಮಾತ್ರ ಥೈರಾಯ್ಡ್ ಅತಿಯಾಗುವ ಅದೇ ಗ್ರೇವ್ಸ್ ಕಾಯಿಲೆ. ಅವರ ಹೆಂಡತಿಗೂ ಅದಕ್ಕೆ ಮುಂಚೆಯೇ ಅದು ಬಂದಿತ್ತು!

ಈ ಕಾಯಿಲೆಯ ಗುರುತುಗಳಾದ ಕಣ್ಣು ಮುಂದೆ ಬರುವುದು, ಕೊರಳು ಊದುವುದು ಮುದುಕರಲ್ಲಿ ಕಾಣದೇ ಇರಬಹುದು. ತೂಕ ಇಳಿಯುತ್ತದೆ, ಮನೆಯವರು ‘ಶುಗರ್ ಇರಬೇಕು’ ಎಂದುಕೊಳ್ಳುತ್ತಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 60 ದಾಟಿದವರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಹೆಚ್ಚಾದಷ್ಟೂ ರಕ್ತದಲ್ಲಿ ಇಳಿಯುವ ಅಂಶ) ತೀರಾ ಕಡಿಮೆ ಇದ್ದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ಒಂದೇ ಪ್ರಮಾಣದ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ನುಂಗುವವರೂ, ಅದು ಹೆಚ್ಚಾಗಿದ್ದರೆ, ಈ ಸಾಲಿಗೇ ಸೇರುತ್ತಾರೆ.

ಇದರ ತಿರುವು ಮುರುವು ಇನ್ನೂ ವಿಚಿತ್ರ. ತಾಳ ಸರಿಪಡಿಸಲು ಕೊಡುವ ಅಮಿಯೊಡರೋನ್ ಮಾತ್ರೆಯೇ ಥೈರಾಯ್ಡನ್ನು ಕೆಡಿಸಬಲ್ಲದು. ಅದರ ತೂಕದಲ್ಲಿ ಶೇ. 37ರಷ್ಟು ಅಯೋಡಿನ್. ಅದರಲ್ಲಿ ಸ್ವಲ್ಪ ಭಾಗವಷ್ಟೇ ಬಿಡುಗಡೆಯಾದರೂ 200 ಮಿಲಿಗ್ರಾಂ ಮಾತ್ರೆಯಿಂದ ದಿನಕ್ಕೆ ಸುಮಾರು 6 ಮಿಲಿಗ್ರಾಂ ಅಯೋಡಿನ್ ಮೈಗೆ ಸೇರುತ್ತದೆ. ದೊಡ್ಡವರಿಗೆ ಬೇಕಾದದ್ದು 150 ಮೈಕ್ರೋಗ್ರಾಂ. ಅಂದರೆ ಸುಮಾರು ನಲವತ್ತು ಪಟ್ಟು. ಕೆಲವರಲ್ಲಿ ಗ್ರಂಥಿ ಸೋತು ಆಯಾಸ, ಮಲಬದ್ಧತೆ, ನಿಧಾನ ನಾಡಿ ಬರುತ್ತದೆ. ಆಗ ಸಾಮಾನ್ಯವಾಗಿ ಹೃದಯದ ಮಾತ್ರೆ ನಿಲ್ಲಿಸದೆ ಥೈರಾಕ್ಸಿನ್ ಸೇರಿಸಿದರೆ ಸಾಕು. ಕೆಲವರಲ್ಲಿ ಹಾರ್ಮೋನು ವಿಪರೀತವಾಗುತ್ತದೆ. ಅದರಲ್ಲೂ ಎರಡು ಬಗೆ: ಅಯೋಡಿನ್ ಸಿಕ್ಕಿತೆಂದು ಗ್ರಂಥಿ ಹೆಚ್ಚು ಹಾರ್ಮೋನು ತಯಾರಿಸುವುದು ಒಂದು, ಗ್ರಂಥಿಗೇ ಉರಿಯೂತವಾಗಿ ಕೂಡಿಟ್ಟದ್ದು ಸೋರುವುದು ಇನ್ನೊಂದು. ಮೊದಲನೆಯದಕ್ಕೆ ಥೈರಾಯ್ಡ್ ತಡೆಯುವ ಔಷಧಿ, ಎರಡನೆಯದಕ್ಕೆ ಸ್ಟೆರಾಯ್ಡ್. ಇದು ಅಂದಾಜಿನ ಮೇಲೆ ನಡೆಸುವ ಚಿಕಿತ್ಸೆಯಲ್ಲ.

ಅಮಿಯೊಡರೋನ್ ನಾಡಿಯನ್ನು ಹಿಡಿದಿಡುವುದರಿಂದ ಥೈರಾಯ್ಡ್ ಹೆಚ್ಚಾದರೂ ಎದೆಬಡಿತ ಮರೆಯಾಗಿರಬಹುದು. ಸರಿಹೋಗಿದ್ದ ತಾಳ ಮತ್ತೆ ಕೆಡುವುದು, ತೂಕ ಕರಗುವುದು, ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದಕ್ಕಿದ್ದಂತೆ ಹೆಚ್ಚು ಕೆಲಸ ಮಾಡುವುದು ಇದರ ಸುಳಿವುಗಳು.

ಸಮಾಧಾನದ ಮಾತೂ ಇದೆ. ಥೈರಾಯ್ಡಿನಿಂದಲೇ ತಪ್ಪಿದ ತಾಳ, ಹಾರ್ಮೋನು ಹತೋಟಿಗೆ ಬಂದ ಕೆಲವು ತಿಂಗಳಲ್ಲಿ ಬಹಳ ಜನರಿಗೆ ತಾನಾಗಿಯೇ ಮರಳುತ್ತದೆ.

ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗೆ ಹೋಗಲಿ, ಹುಬ್ಬಳ್ಳಿಗೇ ಹೋಗಲಿ, ತಿನ್ನುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಅಮಿಯೊಡರೋನ್ ಶುರುಮಾಡುವ ಮುಂಚೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಸಿ. ನೀವಾಗಿಯೇ ಮಾತ್ರೆ ಬಿಡಬೇಡಿ. ವೈದ್ಯರೇ ನಿಲ್ಲಿಸಿದರೂ ಅದು ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಹಾಗಾಗಿ ಮುಂದೆಯೂ ಒಂದು ವರ್ಷ ಪರೀಕ್ಷೆ ತಪ್ಪಿಸಬೇಡಿ.